ಈಶ್ವರಪ್ಪನವರ ಡ್ರೈವ್‌ವೇಯಲ್ಲಿ ಬಿದ್ದವನು

ಒಂಟಾರಿಯೊದ ಜಾರ್ಜ್‌ಟೌನಿನ ನಿಜಗುಣನಿಗೆ ಐವತ್ಮೂರು ವರ್ಷದ ಬಾಳಿನಲ್ಲಿ ಸಿಕ್ಕಿದ್ದು ಒಂದೇ ಒಂದು ಜಯ. ಅದೂ ಬ್ಯಾಂಕಿನ ಮೇಲೆ.

ಬೇಸ್‌ಮೆಂಟು ಸರಿಮಾಡಿಸಲು ಅವನು ಸಾಲ ತೆಗೆದಾಗ ಬ್ಯಾಂಕಿನವರು ಅವನನ್ನು ಒಂದು ಮಾತೂ ಕೇಳದೆ ಜೊತೆಗೊಂದು ವಿಮೆಯನ್ನು ಅಂಟಿಸಿ, ಏಳು ವರ್ಷ ತಿಂಗಳು ತಿಂಗಳೂ ಹಣ ಮುರಿದುಕೊಂಡಿದ್ದರು. ಅದು ಕಣ್ಣಿಗೆ ಬಿದ್ದದ್ದು ಮಗಳು ತನ್ವಿಗೆ. ಒಂದು ಭಾನುವಾರ ಅಪ್ಪನ ಲ್ಯಾಪ್‌ಟಾಪಿನ ಮುಂದೆ ಹತ್ತು ನಿಮಿಷ ಕೂತು ಅವಳೊಂದು ದೂರಿನ ಫಾರಂ ತುಂಬಿದಳು. ಆ ಹತ್ತು ನಿಮಿಷವೂ ನಿಜಗುಣ ಪಕ್ಕದ ಸೋಫಾದಲ್ಲಿ ಬಾಯಿ ತೆರೆದು ನಿದ್ರಿಸುತ್ತಿದ್ದ. ಐದು ತಿಂಗಳಾದ ಮೇಲೆ ಕ್ಷಮಾಪಣೆಯ ಪತ್ರವೂ ಎರಡು ಸಾವಿರ ಚಿಲ್ಲರೆ ಡಾಲರಿನ ಪರಿಹಾರದ ಚೆಕ್ಕೂ ಬಂದವು.

ಮಾತು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕನ್ನಡ ಸಂಘದ ಸಂಕ್ರಾಂತಿ ಊಟದಲ್ಲಿ ಯಾರೋ, "ಏನ್ ನಿಜಗುಣ, ಬ್ಯಾಂಕಿಂದ ದುಡ್ಡು ಬಂತಂತೆ?" ಎಂದರು. ನಿಜಗುಣ ಪೊಂಗಲಿನ ತಟ್ಟೆಯನ್ನು ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, "ಬ್ಯಾಂಕ್‌ನೋರು ಅಂದ್ರೆ ಹೆದ್ರಕೊಳ್ಳೋದೇನಿದೆ? ಗಟ್ಟಿಯಾಗಿ ಒಂದು ಲೆಟರ್ ಬರೆದೆ. ಮಂಡಿ ಊರಿದ್ರು" ಎಂದ. ಹೆಂಡತಿ ಭಾನುಮತಿ ದೂರದಿಂದಲೇ ಕಣ್ಣು ಬಿಟ್ಟಳು. ತನ್ವಿ, "ಡ್ಯಾಡ್, ಸೀರಿಯಸ್ಲಿ?" ಎಂದಳು. ನಿಜಗುಣನಿಗೆ ಎರಡೂ ಕಾಣಲಿಲ್ಲ, ಕೇಳಲೂ ಇಲ್ಲ. ಅವನು ಆಗಲೇ ತಾನು ಬರೆಯದ ಆ ಪತ್ರದ ಒಕ್ಕಣೆಯನ್ನು ಮನಸ್ಸಿನಲ್ಲಿ ಓದಿಕೊಂಡು ಮೆಚ್ಚುತ್ತಿದ್ದ.

ಚೆಕ್ಕು ಬಂದ ಸುದ್ದಿ ಸಂಘದವರಿಗೆ ತಿಳಿಯುವುದಕ್ಕಿಂತ ಮೊದಲೇ ಇನ್ನೊಂದು ಲೋಕಕ್ಕೆ ತಿಳಿದಿತ್ತು. ಯಾರಿಗೆ ಪರಿಹಾರ ಬಂದಿದೆಯೋ ಅವರಿಗೆ ಇನ್ನಷ್ಟು ಪರಿಹಾರ ಕೊಡಿಸುತ್ತೇವೆಂದು ಫೋನು ಮಾಡುವ ಕಂಪನಿಗಳ ಲೋಕ ಅದು. ನಂಬರು ಅವರ ಕೈಗೆ ಹೇಗೆ ಸಿಕ್ಕಿತೆಂದು ಯಾರಿಗೂ ಗೊತ್ತಾಗಲಿಲ್ಲ. ದಿನಕ್ಕೆ ಎಂಟು ಫೋನು, ಹತ್ತು ಫೋನು. "ಮಿಸ್ಟರ್ ನಿಂಜಾ ಗೂನಾ, ನಿಮ್ಮ ಕಿವಿ ಸರಿಯಾಗಿ ಕೇಳಿಸುತ್ತಿದೆಯೇ? ಇಲ್ಲವಾದರೆ ನಿಮ್ಮ ಕಂಪನಿಯ ಮೇಲೆ ಕ್ಲೇಮು ಹಾಕಬಹುದು." "ಮಿಸ್ಟರ್ ಗೂನಾ, ವಿಮಾನ ಎಂದಾದರೂ ತಡವಾಗಿತ್ತೇ?" "ನಿಮ್ಮ ಛಾವಣಿ? ನಿಮ್ಮ ಕಾರು? ನಿಮ್ಮ ಬೆನ್ನು?"

ಬೇರೆಯವರಾಗಿದ್ದರೆ ಫೋನು ಇಟ್ಟುಬಿಡುತ್ತಿದ್ದರು. ನಿಜಗುಣನಿಂದ ಅದು ಆಗದ ಕೆಲಸ. ಅವನ ತಂದೆ ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಎದುರಿನವರು ಇಡುವ ಮೊದಲು ರಿಸೀವರ್ ಇಡುವುದು ಮುಖಕ್ಕೆ ಬಾಗಿಲು ಹಾಕಿದಂತೆ ಎಂದು ಮಗನಿಗೆ ಹೇಳಿಕೊಟ್ಟಿದ್ದರು. ಅಲ್ಲದೆ, ನಿಜ ಹೇಳಬೇಕೆಂದರೆ, ಆ ದನಿಗಳು ಅವನಿಗೆ ಹಿತವಾಗಿದ್ದವು. ಬರ್ಲಿಂಗ್ಟನ್ನಿನ ಆಫೀಸಿನಲ್ಲಿ ಲಿಫ್ಟುಗಳ ಸಾಫ್ಟ್‌ವೇರ್ ಪರೀಕ್ಷಿಸುತ್ತ ಹದಿನಾರು ವರ್ಷ ಕಳೆದಿದ್ದ. ಅಷ್ಟೂ ವರ್ಷಗಳಲ್ಲಿ "ಇವತ್ತು ನಿಮಗೆ ಹೇಗೆನ್ನಿಸುತ್ತಿದೆ?" ಎಂದು ಯಾರೂ ಇಷ್ಟು ಮೆಲ್ಲಗೆ ಕೇಳಿರಲಿಲ್ಲ.

"ಯಾರ್ರೀ ಅದು, ಅರ್ಧ ಗಂಟೆಯಿಂದ?" ಎಂದಳು ಭಾನುಮತಿ ಒಂದು ಸಂಜೆ.

"ಮೆಲಿಸಾ ಅಂತ. ನನ್ನ ಮಂಡಿ ಬಗ್ಗೆ ವಿಚಾರಿಸ್ತಿದ್ಲು."

"ನಿಮ್ಮ ಮಂಡಿ ಕಟ್ಕೊಂಡು ಅವಳಿಗೇನಾಗ್ಬೇಕು?"

"ಅದನ್ನೇ ನಾನೂ ಕೇಳ್ದೆ. ಅವಳ ಕೆಲಸಾನೇ ಅದಂತೆ."

ಹೀಗಿರುವಾಗ ಜನವರಿಯ ಕೊನೆಯ ಬುಧವಾರ ಬಂತು. ಬುಧವಾರ ನಿಜಗುಣನಿಗೆ ಮನೆಯಿಂದಲೇ ಕೆಲಸ. ಮಧ್ಯಾಹ್ನ ಬಿಸಿಬೇಳೆಬಾತು ಎರಡು ಸಲ ಬಡಿಸಿಕೊಂಡು, ಮೀಟಿಂಗಿಗೆ ಇನ್ನೂ ಒಂದು ಗಂಟೆಯಿದೆಯೆಂದು ಕಿಟಕಿಯ ಪಕ್ಕದ ಸೋಫಾದಲ್ಲಿ ಕಾಲು ಚಾಚಿದ. ಹೊರಗೆ ಹಿಮ ಬೀಳುತ್ತಿತ್ತು. ಗಾಳಿಯಿಲ್ಲ, ಅವಸರವಿಲ್ಲ, ಯಾರೋ ಮೇಲೆ ಕೂತು ಹಳೆಯ ಹಾಸಿಗೆಯನ್ನು ಬಿಚ್ಚಿ ಹತ್ತಿಯನ್ನು ಒಂದೊಂದೇ ಎಳೆಯಾಗಿ ಕೆಳಗೆ ಬಿಡುತ್ತಿರುವ ಹಾಗೆ. ಬೀದಿ ಮಸುಕಾಯಿತು. ಎದುರು ಮನೆಯ ಛಾವಣಿ ಕರಗಿ ಆಕಾಶದಲ್ಲಿ ಸೇರಿತು. ನಿಜಗುಣನ ರೆಪ್ಪೆಗಳೂ ಸೇರಿದವು.

ಕನಸಿನಲ್ಲಿ ಅವನು ಪಂಚೆಯುಟ್ಟು ಪಕ್ಕದ ಮನೆಯ ಈಶ್ವರಪ್ಪನವರ ಡ್ರೈವ್‌ವೇಯಲ್ಲಿ ನಡೆಯುತ್ತಿದ್ದ. ಕಾಲು ಜಾರಿತು. ಜಾರಿದ್ದು ಹೌದು, ಆದರೆ ಕೆಳಗೆ ಬೀಳಲಿಲ್ಲ. ಅಂಚೆ ಡಬ್ಬಿಯ ಎತ್ತರದಲ್ಲಿ ಸ್ವಲ್ಪ ಹೊತ್ತು ತೇಲಿದ. ಕಿಟಕಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಈಶ್ವರಪ್ಪನವರ ಹೆಂಡತಿ ರುದ್ರವ್ವ ಹಿಟ್ಟಿನ ಕೈ ಎತ್ತಿ ಬೀಸಿದರು. ಇವನೂ ಕೈ ಬೀಸಿದ. ಆಮೇಲೆ ಮೆಲ್ಲಗೆ, ತೀರ ಮೆಲ್ಲಗೆ ಹಿಮದ ಮೇಲಿಳಿದ. ಎಲ್ಲಿಂದಲೋ ಗಂಟೆಯ ಸದ್ದು ಬಂತು. ಕೈ ತಾನಾಗಿಯೇ ಫೋನೆತ್ತಿತು.

"ಮಿಸ್ಟರ್ ಗೂನಾ, ಕೈಂಡ್ಲಿ ಅಂಡ್ ಕೈಂಡ್ಲಿ ಕ್ಲೇಮ್ಸ್‌ನಿಂದ ಮೆಲಿಸಾ. ಇತ್ತೀಚೆಗೆ ನಿಮಗೇನಾದರೂ ಅಪಘಾತವಾಗಿದೆಯೇ?"

"ಈಗಷ್ಟೇ ಆಯಿತು," ಎಂದ ನಿಜಗುಣ, ಕಣ್ಣು ತೆರೆಯದೆ.

"ಅಯ್ಯೋ! ಎಲ್ಲಿ ಸರ್?"

"ಈಶ್ವರಪ್ಪನವರ ಡ್ರೈವ್‌ವೇಯಲ್ಲಿ. ನಂಬರ್ ನಲವತ್ತೆರಡು." ಬೀದಿಯ ಹೆಸರನ್ನೂ ಹೇಳಿದ.

"ಹಿಮ ಇತ್ತೇ?"

"ತುಂಬ. ಹತ್ತಿಯ ಹಾಗೆ."

"ಈಗ ಹೇಗನ್ನಿಸುತ್ತಿದೆ?"

"ಹಗುರವಾಗಿ. ಎಲ್ಲ ತೇಲಿದ ಹಾಗೆ."

ಅತ್ತ ಕೀಬೋರ್ಡಿನ ಸದ್ದು ಚುರುಕಾಯಿತು. "ತಲೆಗೆ ಪೆಟ್ಟು," ಎಂದು ಮೆಲಿಸಾ ತನಗೆ ತಾನೇ ಹೇಳಿಕೊಂಡದ್ದು ಕೇಳಿಸಿತು. "ನಿಮ್ಮ ವಿಳಾಸ ಸರ್?"

ನಿದ್ದೆಯಲ್ಲಿರುವ ಮನುಷ್ಯನಿಗೆ ಬಾಯಿಗೆ ಬರುವುದು ಬಾಲ್ಯದಲ್ಲಿ ಕಲಿತ ವಿಳಾಸ. "ಹನ್ನೆರಡು, ಸರಸ್ವತಿಪುರಂ," ಎಂದ.

"ನಿಮ್ಮ ಪರವಾಗಿ ನಾವು ಮುಂದುವರಿಯಬಹುದೇ?"

"ನಿಮ್ಮಿಷ್ಟ," ಎಂದ ನಿಜಗುಣ. ಜೀವನದಲ್ಲಿ ಅವನು ಅತಿ ಹೆಚ್ಚು ಬಳಸಿದ ಮಾತು ಅದು. ಮೆಲಿಸಾ ಫೋನಿಟ್ಟಳು. ಇವನು ಮಗ್ಗುಲಾದ. ಎದ್ದಾಗ ಅವನ ನೆನಪಿನಲ್ಲಿದ್ದದ್ದು ಬಾತಿನ ಲವಂಗವೊಂದೇ.

ಈಗ ಈಶ್ವರಪ್ಪನವರ ವಿಷಯ ಹೇಳಬೇಕು. ಗದಗಿನ ಕಡೆಯವರು. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ ರಸ್ತೆಗಳ ನಕ್ಷೆ ಬರೆದು ನಿವೃತ್ತರಾಗಿದ್ದರು. ದೊಡ್ಡ ರಸ್ತೆಗಳು ಕೈತಪ್ಪಿದ ಮೇಲೆ ಉಳಿದದ್ದು ಮನೆಮುಂದಿನ ಮೂವತ್ತಡಿ ಡ್ರೈವ್‌ವೇ. ಅದನ್ನು ಅವರು ದೇವರ ಕೋಣೆಯಂತೆ ನೋಡಿಕೊಂಡಿದ್ದರು. ಬೀದಿಯವರು ಏಳುವ ಹೊತ್ತಿಗೆ ಅಲ್ಲಿ ಹಿಮದ ಗುರುತೂ ಇರುತ್ತಿರಲಿಲ್ಲ. ಅಂಚುಗಳನ್ನು ಸ್ಕೇಲಿಟ್ಟು ಕೊರೆದಂತೆ ಕತ್ತರಿಸಿರುತ್ತಿದ್ದರು. ಮಂಜುಗಡ್ಡೆ ಕರಗಲೆಂದು ಉಪ್ಪು ಹಾಕುವುದೂ ಮುಷ್ಟಿಯ ಲೆಕ್ಕದಲ್ಲೇ, ಇಳಿಜಾರಿಗೆ ಮೂರು, ಸಮತಟ್ಟಿಗೆ ಎರಡು. ಎದುರು ಮನೆಯ ಎಂಬತ್ತು ವರ್ಷದ ಡೋರೀನ್ ಅಜ್ಜಿ ತನ್ನ ನಾಯಿಯನ್ನು ಬೇರೆಲ್ಲೂ ಅಲ್ಲ, ಅಲ್ಲೇ ಅಡ್ಡಾಡಿಸುತ್ತಿದ್ದಳು, ಅದರ ಕಾಲು ಉಳುಕಬಾರದೆಂದು.

ಫೆಬ್ರವರಿಯ ಎರಡನೆಯ ವಾರ ಅವರು ಒಂದು ಲಕೋಟೆ ಹಿಡಿದು ನಿಜಗುಣನ ಮನೆಗೆ ಬಂದರು. ಬೂಟನ್ನೂ ಬಿಚ್ಚಲಿಲ್ಲ. ಹಿಂದೆ ರುದ್ರವ್ವ.

"ನಿಜಗುಣ ಸರ, ನೀವು ಬ್ಯಾಂಕಿನವ್ರನ್ನ ಬಗ್ಗಿಸಿದವ್ರು. ಇದನ್ನ ಸ್ವಲ್ಪ ನೋಡ್ರಿ. ಯಾವನೋ ಒಬ್ಬ ನಮ್ಮ ಮನಿ ಮುಂದ ಜಾರಿ ಬಿದ್ದಾನಂತ!"

ನಿಜಗುಣ ಕನ್ನಡಕ ಏರಿಸಿ ಪತ್ರ ತೆಗೆದುಕೊಂಡ. 'ಕೈಂಡ್ಲಿ ಅಂಡ್ ಕೈಂಡ್ಲಿ' ಎಂಬ ಹೆಸರು ಕಂಡಾಗ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು, ಅಷ್ಟೆ. ಮುಂದೆ ಓದಿದ. 'ಮನೆಯ ಮಾಲೀಕರು ಹಿಮ ತೆಗೆಯುವಲ್ಲಿ ತೋರಿದ ಘೋರ ನಿರ್ಲಕ್ಷ್ಯದಿಂದಾಗಿ ನಮ್ಮ ಕಕ್ಷಿದಾರರಾದ ಮಿಸ್ಟರ್ ನಿಂಜಾ ಗೂನಾ, ನಿವಾಸ ಹನ್ನೆರಡು, ಸಾರಾ ಸ್ವಾಟಿ ಪರ್ ಲೇನ್, ಒಂಟಾರಿಯೊ...'

ನಿಜಗುಣನಿಗೆ ಕನಸು ತುದಿಯಿಂದ ತುದಿಗೆ ಜ್ಞಾಪಕಕ್ಕೆ ಬಂತು.

"ಘೋರ ನಿರ್ಲಕ್ಷ್ಯ ಅಂತ!" ಈಶ್ವರಪ್ಪ ಎದೆ ಹಿಡಿದುಕೊಂಡರು. "ದುಡ್ಡು ಹ್ವಾದ್ರ ಹೋಗ್ಲಿ ಬಿಡ್ರಿ, ಇನ್ಶೂರೆನ್ಸ್ ಐತಿ. ನನಗ ನಿರ್ಲಕ್ಷ್ಯ ಅಂದಾನಲ್ರಿ! ಯಾವ ಊರಿಂವ ಇವಾ? ಸಾರಾ ಸ್ವಾಟಿ ಪರ್ ಅಂದ್ರ ಎಲ್ಲಿ ಬರತೈತಿ?"

"ಮೇಲ್ಗಡೆ... ಉತ್ತರಕ್ಕೆ ಇರ್ಬೇಕು," ಎಂದ ನಿಜಗುಣ.

"ಹೆಸರು ನೋಡ್ರಿ, ನಿಂಜಾ. ಕರಾಟೆ ಮಾಡಾಂವ ಇರಬೇಕು. ಕರಾಟೆ ಮಾಡಾಂವ ಜಾರಿ ಬೀಳತಾನೇನ್ರಿ?"

ರುದ್ರವ್ವ ಸೆರಗಿನಿಂದ ಮೂಗೊರಸಿಕೊಂಡರು. "ಮೂರು ದಿನ ಆತ್ರಿ, ಊಟ ಸೇರವಲ್ದು ಇವ್ರಿಗೆ. ರೊಟ್ಟಿ ಮುರಿದು ಹಾಂಗ ಇಡ್ತಾರ. ನೀವ ಏನರ ಮಾಡ್ರಿ ಅಣ್ಣಾರ."

ಆ ಘಳಿಗೆಯಲ್ಲಿ ನಿಜಗುಣ ಸತ್ಯ ಹೇಳಬೇಕಿತ್ತು. ಹೇಳಬೇಕೆಂದೇ ಬಾಯಿ ತೆರೆದ. ಆದರೆ 'ಅಣ್ಣಾರ' ಎಂಬ ಮಾತು ಅಡ್ಡ ಬಂತು. "ನಾನ್ ನೋಡ್ಕೋತೀನಿ," ಎಂಬ ಮಾತು ಹೊರಗೆ ಬಿತ್ತು. ಅಷ್ಟೇ ಅಲ್ಲ, ಪತ್ರದ ಮೂರನೆಯ ಪುಟದಲ್ಲಿ ತನ್ನದೇ ಫೋನ್ ನಂಬರು ಅಚ್ಚಾಗಿದ್ದದ್ದನ್ನು ಕಂಡು, ಅವರಿಬ್ಬರೂ ಭಾನುಮತಿ ತಂದಿಟ್ಟ ಕಾಫಿಯ ಕಡೆ ನೋಡುತ್ತಿದ್ದಾಗ ಆ ಪುಟವನ್ನು ಮಡಿಸಿ ಪ್ಯಾಂಟಿನ ಜೇಬಿಗೆ ಸೇರಿಸಿದ. ಬ್ಯಾಂಕನ್ನು ಗೆದ್ದ ಮನುಷ್ಯ ಕಾನೂನಿನ ಮಾರ್ಗ ಬಿಟ್ಟದ್ದು ಹೀಗೆ.

ಮರುದಿನ ಅವನು ಕೈಂಡ್ಲಿ ಅಂಡ್ ಕೈಂಡ್ಲಿಗೆ ತಾನೇ ಫೋನು ಮಾಡಿದ. ದಿನಕ್ಕೆ ಹತ್ತು ಸಲ ಅವನ ಕ್ಷೇಮ ವಿಚಾರಿಸುತ್ತಿದ್ದ ಲೋಕ ಈಗ ಬಾಗಿಲು ಮುಚ್ಚಿಕೊಂಡಿತ್ತು. ಹೊಸ ಅಪಘಾತವಾಗಿದ್ದರೆ ಒಂದು ಒತ್ತಿ, ಹಳೆಯ ಅಪಘಾತವಾಗಿದ್ದರೆ ಎರಡು ಒತ್ತಿ. ಆಗದ ಅಪಘಾತಕ್ಕೆ ನಂಬರೇ ಇರಲಿಲ್ಲ. ಎರಡು ಒತ್ತಿ ಕಾದ. ಪಿಯಾನೊ ಸಂಗೀತ ಶುರುವಾಯಿತು. ಮೊದಲಿಗೆ ಮಂಜು ಕವಿದ ಕೆರೆಯ ಮೇಲೆ ಯಾರೋ ನಡೆದು ಬರುವಂತೆ, ಆಮೇಲೆ ಅವರು ಬಾರದೆಯೇ ಅಲ್ಲೇ ಕೂತು ಕಾಲಾಡಿಸುವಂತೆ. ನಲವತ್ತು ನಿಮಿಷವಾದ ಮೇಲೆ ಒಬ್ಬ ಗಂಡಸು ಬಂದು, "ಸರ್, ಕ್ಲೇಮು ಹಿಂತೆಗೆದುಕೊಳ್ಳಬೇಕು ಅನ್ನಿಸುವುದು ತಲೆಗೆ ಪೆಟ್ಟಾದವರ ಮೊದಲ ಲಕ್ಷಣ. ಅದನ್ನೂ ಫೈಲಿಗೆ ಸೇರಿಸುತ್ತೇನೆ" ಎಂದು ಹೇಳಿ ಫೋನಿಟ್ಟ.

ಇತ್ತ ಈಶ್ವರಪ್ಪ ಸುಮ್ಮನೆ ಕೂರಲಿಲ್ಲ. ಗ್ಯಾರೇಜಿನ ಮೇಲೆ ಎರಡು ಕ್ಯಾಮೆರಾ ಬಂದವು. ಬೀದಿಯಲ್ಲಿ ಕುಂಟುತ್ತ ಹೋದವರೆಲ್ಲ ಸಂಶಯಕ್ಕೊಳಗಾದರು. ಹೊಸ ಬೂಟು ಕಚ್ಚಿ ಕುಂಟುತ್ತಿದ್ದ ಅಂಚೆಯವನನ್ನು ನಿಲ್ಲಿಸಿ, "ಡು ಯು ನೋ ಕರಾಟೆ?" ಎಂದು ಕೇಳಿದರು. ಅವನು ಮೂರು ದಿನ ಆ ಕಡೆ ಸುಳಿಯಲಿಲ್ಲ. ಬೀದಿಯ ಟಪಾಲೆಲ್ಲ ಉಳಿದುಹೋಯಿತು. ಡೋರೀನ್ ಅಜ್ಜಿ, ತಾನು ಯಾರೂ ಬಿದ್ದದ್ದನ್ನು ನೋಡಿಲ್ಲವೆಂದು ಪೊಲೀಸರೆದುರು ಬೇಕಾದರೂ ಹೇಳುತ್ತೇನೆ ಎಂದು ನಾಯಿಯ ತಲೆ ಮುಟ್ಟಿ ಆಣೆ ಮಾಡಿದಳು.

ಶನಿವಾರ ಬಟ್ಟೆ ಒಗೆಯಲು ಹಾಕುವಾಗ ಮೂರನೆಯ ಪುಟ ಭಾನುಮತಿಯ ಕೈಗೆ ಸಿಕ್ಕಿತು.

"ಏನ್ರೀ ಇದು? ಯಾವಾಗ ಬಿದ್ರಿ? ತಲೆಗೆ ಪೆಟ್ಟು ಅಂತ ಬರ್ದಿದೆ! ನಂಗ್ಯಾಕೆ ಹೇಳ್ಲಿಲ್ಲ?"

"ಬೀಳ್ಲಿಲ್ಲ ಕಣೇ. ಕನಸು."

"ಕನಸಿಗೆ ಯಾರಾದ್ರೂ ಕ್ಲೇಮ್ ಹಾಕ್ತಾರಾ?"

"ನಾನೆಲ್ಲಿ ಹಾಕ್ದೆ? ಅವಳು ಕೇಳಿದ್ಲು, ನಾನು ಹೇಳ್ದೆ."

ತನ್ವಿ ಮೆಟ್ಟಿಲ ಮೇಲಿನಿಂದ, "ಡ್ಯಾಡ್, ದ್ಯಾಟ್ಸ್ ಫ್ರಾಡ್. ಯು ಕುಡ್ ಗೋ ಟು ಜೈಲ್" ಎಂದಳು. ಭಾನುಮತಿ ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಬಾಗಿಲು ತೋರಿಸಿದಳು. "ಈಗ್ಲೇ ಹೋಗಿ ಹೇಳ್ಬಿಟ್ಟು ಬನ್ನಿ. ಆ ರುದ್ರವ್ವನೋರ ಮುಖ ನೋಡೋಕಾಗ್ತಿಲ್ಲ ನಂಗೆ."

ನಿಜಗುಣ ಹೋದ. ಹೇಳುವ ಮಾತನ್ನು ದಾರಿಯ ನಲವತ್ತು ಹೆಜ್ಜೆಯಲ್ಲಿ ಮೂರು ಸಲ ಅಭ್ಯಾಸ ಮಾಡಿದ. ಬಾಗಿಲು ತೆರೆದ ಈಶ್ವರಪ್ಪ ಅವನ ಕೈಗೆ ಗಿರಮಿಟ್ಟಿನ ತಟ್ಟೆಯಿಟ್ಟು, "ಬರ್ರಿ ಬರ್ರಿ, ನಿಮ್ಮನ್ನ ಕರಿಯಾಕ ಬರಾಕತ್ತಿದ್ದೆ. ಇನ್ಶೂರೆನ್ಸಿನ ಬಾಯಿ ಬಂದಾಳ. ನನ್ನ ಪರವಾಗಿ ನೀವು ಮಾತಾಡಬೇಕ್ರಿ" ಎಂದರು.

ಒಳಗೆ ಮೇಜಿನ ಮುಂದೆ ಮಿಸೆಸ್ ವಿಲ್ಕಿನ್ಸ್ ಎಂಬ ಹಿರಿಯ ಹೆಂಗಸು ಫೈಲು ತೆರೆದು ಕೂತಿದ್ದಳು. ಇಡೀ ಜೀವನ ಬೇರೆಯವರ ಸುಳ್ಳುಗಳನ್ನು ಅಳೆದು ತೂಗಿದ ದಣಿವು ಆಕೆಯ ಮುಖದಲ್ಲಿತ್ತು. ನಿಜಗುಣ ಆಕೆಗೆ ಎದುರಾಗಿ, ಎರಡಡಿ ದೂರದಲ್ಲಿ ಕೂತ. ಈಶ್ವರಪ್ಪ ಅವನನ್ನು "ಹೀ ಡಿಫೀಟೆಡ್ ಎ ಬ್ಯಾಂಕ್" ಎಂದು ಪರಿಚಯಿಸಿದರು.

ಮಿಸೆಸ್ ವಿಲ್ಕಿನ್ಸ್ ಡ್ರೈವ್‌ವೇಯ ಫೋಟೊಗಳನ್ನು ನೋಡಿದಳು. ಈಶ್ವರಪ್ಪನವರ ಉಪ್ಪಿನ ದಿನಚರಿಯನ್ನು ನೋಡಿದಳು. ಹನ್ನೊಂದು ಚಳಿಗಾಲಗಳದ್ದು, ತಾರೀಖು, ಉಷ್ಣಾಂಶ, ಮುಷ್ಟಿ ಎಷ್ಟೆಂಬುದರ ಸಮೇತ. ಆಕೆಯ ಹುಬ್ಬು ನಿಧಾನವಾಗಿ ಮೇಲೇರಿತು. "ಇಂಥದ್ದನ್ನು ನಾನು ನೋಡೇ ಇಲ್ಲ," ಎಂದಳು. "ಆ ಕಂಪನಿಯವರು ನನ್ನ ಪತ್ರಕ್ಕೆ ಉತ್ತರ ಕೊಡುತ್ತಿಲ್ಲ. ಆದರೆ ಅವರು ನಮಗೆ ಕಳಿಸಿದ ಪ್ರತಿಯ ಮೂರನೆಯ ಪುಟದಲ್ಲಿ ಮಿಸ್ಟರ್ ಗೂನಾ ಅವರದೇ ನಂಬರಿದೆ. ನೇರವಾಗಿ ಅವರನ್ನೇ ಕೇಳೋಣ."

"ಮೂರನೇ ಪುಟ?" ಎಂದರು ಈಶ್ವರಪ್ಪ. "ನನ್ನ ಹಂತ್ಯಾಕ ಎರಡ ಅದಾವಲ್ರಿ?"

ಆಕೆ ಆಗಲೇ ನಂಬರು ಒತ್ತಿದ್ದಳು. ನಿಜಗುಣನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

ಫೋನನ್ನು ಆರಿಸಬಹುದಿತ್ತು. ಎದ್ದು ಹೊರಗೆ ಹೋಗಬಹುದಿತ್ತು. ಆದರೆ ಹೊಡೆದುಕೊಳ್ಳುವ ಫೋನನ್ನು ಎತ್ತದೇ ಇರುವುದು ಆ ವಂಶದಲ್ಲೇ ಇರಲಿಲ್ಲ. ನಿಜಗುಣ ಫೋನು ತೆಗೆದು ಕಿವಿಗಿಟ್ಟುಕೊಂಡು, "ಹಲೋ" ಎಂದ.

"ಮಿಸ್ಟರ್ ಗೂನಾ?" ಎಂದಳು ಮಿಸೆಸ್ ವಿಲ್ಕಿನ್ಸ್, ಅವನನ್ನೇ ನೋಡುತ್ತ, ತನ್ನ ಫೋನಿನೊಳಗೆ.

"ಹೌದು ಮೇಡಂ. ಮಾತಾಡುತ್ತಿದ್ದೇನೆ."

"ನೀವೀಗ ಎಲ್ಲಿದ್ದೀರಿ?"

"ಅಪಘಾತ ನಡೆದ ಸ್ಥಳದಲ್ಲಿ."

"ಅಪಘಾತ ನಡೆಯಿತೇ?"

"ಇಲ್ಲ ಮೇಡಂ. ಮಧ್ಯಾಹ್ನ ಮಲಗಿದ್ದೆ. ಕನಸಿನಲ್ಲಿ ಜಾರಿದೆ. ಅಷ್ಟರಲ್ಲಿ ಫೋನು ಬಂತು. ಎಚ್ಚರವಿರಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ನಾನು ಯಾವುದಕ್ಕೂ ಸಹಿ ಹಾಕಿಲ್ಲ. ನನಗೆ ಒಂದು ಕಾಸೂ ಬೇಡ." ಅವನು ಜೇಬಿನಿಂದ ಮಡಿಸಿದ ಪುಟ ತೆಗೆದು ಮೇಜಿನ ಮೇಲಿಟ್ಟ. ಫೋನು ಇನ್ನೂ ಕಿವಿಯಲ್ಲೇ ಇತ್ತು, ಆಕೆ ಇಟ್ಟಿರಲಿಲ್ಲವಲ್ಲ.

ಅಡುಗೆಮನೆಯಲ್ಲಿ ರುದ್ರವ್ವನ ಸೌಟು ನಿಂತಿತು. ಈಶ್ವರಪ್ಪ ನಿಜಗುಣನ ಕಡೆ ತಿರುಗಿದರು. ಕೂಗಾಡುತ್ತಾರೆಂದು ಎಲ್ಲರೂ ಕಾದರು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಕನಸಿನ್ಯಾಗ ಉಪ್ಪು ಹಾಕಿತ್ತೊ, ಇಲ್ಲೊ?"

ನಿಜಗುಣ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. "ಹಾಕಿತ್ತು ಈಶ್ವರಪ್ಪನೋರೇ. ಇಳಿಜಾರಲ್ಲಿ ಮೂರು ಮುಷ್ಟಿ. ನೋಡ್ದೆ."

"ಮತ್ತ ಹ್ಯಾಂಗ ಬಿದ್ರಿ?"

"ಬೀಳ್ಲಿಲ್ಲ. ತೇಲ್ದೆ."

ಮಿಸೆಸ್ ವಿಲ್ಕಿನ್ಸ್ ಪೆನ್ನು ಕೆಳಗಿಟ್ಟಳು. ಇಂಥದಕ್ಕೆಲ್ಲ ಪೊಲೀಸರವರೆಗೂ ಹೋಗಬಹುದು, ಗೊತ್ತಿರಲಿ, ಎಂದು ನಿಜಗುಣನಿಗೆ ಗಟ್ಟಿಯಾಗಿಯೇ ಹೇಳಿದಳು. ಅವನ ಕೈಯಿಂದ ಹೇಳಿಕೆ ಬರೆಸಿಕೊಂಡಳು. ಫೈಲಿನಲ್ಲಿ 'ಘಟನೆ ನಡೆದಿಲ್ಲ. ಹಿಮ ತೆಗೆಯುವಿಕೆ ಅತ್ಯುತ್ತಮ' ಎಂದು ಬರೆದು ಮುಚ್ಚಿದಳು. ಹೋಗುವಾಗ ಡ್ರೈವ್‌ವೇಯ ನಡುವೆ ನಿಂತು ಒಮ್ಮೆ ಹಿಮ್ಮಡಿಯನ್ನು ತಿರುಗಿಸಿ ನೋಡಿದಳು. ಜಾರಲಿಲ್ಲ.

ಆದರೆ ಈಶ್ವರಪ್ಪ ಮಾತು ಬಿಟ್ಟರು. ಮಾತಷ್ಟೇ ಬಿಟ್ಟಿದ್ದರೆ ಬೇರೆ. ಸೋಮವಾರ ಅರ್ಧ ಅಡಿ ಹಿಮ ಬಿತ್ತು. ನಲವತ್ತೆರಡನೆಯ ನಂಬರಿನ ಡ್ರೈವ್‌ವೇ ಬಿದ್ದ ಹಾಗೇ ಇತ್ತು. ಮಂಗಳವಾರವೂ ಹಾಗೇ. ಡೋರೀನ್ ಅಜ್ಜಿ ನಾಯಿಯನ್ನು ಎತ್ತಿಕೊಂಡು ಬಂದು, "ಅವರು ಬದುಕಿದ್ದಾರಾ?" ಎಂದು ಭಾನುಮತಿಯನ್ನು ಪಿಸುದನಿಯಲ್ಲಿ ಕೇಳಿದಳು. ಯಾವ ಗೆರೆಯೂ ಇಲ್ಲದೆ, ಯಾವ ಅಂಚೂ ಇಲ್ಲದೆ ಆ ಬಿಳುಪು ಮನೆಯ ಬಾಗಿಲಿನವರೆಗೂ ಹಬ್ಬಿ ಮಲಗಿತ್ತು. ನೋಡಲು ಬಹಳ ಚೆಂದವಿತ್ತು. ಬೀದಿಯವರಿಗೆ ಅದನ್ನು ನೋಡಿ ಭಯವಾಯಿತು.

ಬುಧವಾರ ನಿಜಗುಣ ಸಲಿಕೆ ಹಿಡಿದು ಹೋದ. ಅವನು ಹಿಮ ತೆಗೆಯುವ ರೀತಿಯನ್ನು ಹೇಳದಿರುವುದೇ ಒಳ್ಳೆಯದು. ಎಡಕ್ಕೆ ಹಾಕಿದ್ದು ಬಲಕ್ಕೆ ಜಾರುತ್ತಿತ್ತು. ನಡುವೆ ನಿಂತು ಬೀಳುವ ಹಿಮವನ್ನು ನೋಡುತ್ತ ಎರಡು ನಿಮಿಷ ಮೈಮರೆಯುತ್ತಿದ್ದ. ಕಿಟಕಿಯ ಪರದೆ ಒಮ್ಮೆ ಸರಿಯಿತು, ಮತ್ತೊಮ್ಮೆ ಸರಿಯಿತು. ಇಪ್ಪತ್ತು ನಿಮಿಷ ತಡೆದುಕೊಂಡ ಈಶ್ವರಪ್ಪ ಕೊನೆಗೆ ಬಾಗಿಲು ತೆರೆದು ಹೊರಬಂದರು.

"ಸಲಿಕಿ ಹಿಡಿಯೂದು ಹಾಂಗಲ್ರಿ! ತರ್ರಿ ಇಲ್ಲೆ. ರಸ್ತೆ ಕಡೆ ನೂಕಬಾರದು, ಗಾಳಿ ಯಾವ ಕಡಿಂದ ಬರತೈತಿ ನೋಡ್ಬೇಕು ಮೊದಲ." ಸಲಿಕೆ ಕಿತ್ತುಕೊಂಡು ಗೆರೆ ಎಳೆದರು. ಒಂದು ತುದಿ ಮುಟ್ಟಿದ ಮೇಲೆ ತಿರುಗದೆಯೇ ಹೇಳಿದರು: "ಪುಟ ಕದ್ದಿದ್ದು ತಪ್ಪು."

"ಹೌದು. ತಪ್ಪಾಯ್ತು."

"ಬ್ಯಾಂಕಿಗೆ ಲೆಟರ್ ಬರದಿದ್ದೂ ಸುಳ್ಳೇನು?"

"ಅದೂ ಸುಳ್ಳು. ತನ್ವಿ ಫಾರಂ ತುಂಬಿದ್ದು. ನಾನಾಗ ಮಲಗಿದ್ದೆ."

ಈಶ್ವರಪ್ಪನವರ ಭುಜ ಅಲುಗಿತು. ನಗುತ್ತಿದ್ದರು. "ನೀವು ಎಚ್ಚರ ಇರೂದು ಯಾವಾಗ್ರಿ?"

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ನಿಜಗುಣನ ಕೈ ಹೋಗುವ ಮೊದಲೇ ಈಶ್ವರಪ್ಪ ಕೈ ಚಾಚಿದರು. "ಕೊಡ್ರಿ ಇಲ್ಲೆ. ಇನ್ನ ಮ್ಯಾಲ ಇವ್ರ ಜೋಡಿ ನಾ ಮಾತಾಡ್ತೀನಿ."

ಅಂದಿನಿಂದ ಹಗಲೆಲ್ಲ ಆ ಫೋನು ಈಶ್ವರಪ್ಪನವರ ಬಳಿಯೇ ಇತ್ತು. ನಿವೃತ್ತರಾದ ಮೇಲೆ ಅವರ ಬಳಿ ಹೇಳುವುದು ಬಹಳವಿತ್ತು, ಕೇಳುವವರಿರಲಿಲ್ಲ. ಈಗ ಕಂಪನಿಗಳೇ ಹುಡುಕಿಕೊಂಡು ಬರುತ್ತಿದ್ದವು. "ನಿಮಗೆ ಅಪಘಾತವಾಗಿದೆಯೇ?" ಎಂದು ಆ ಕಡೆಯವರು ಕೇಳಿದರೆ, "ಇಲ್ಲ, ಯಾಕೆ ಆಗಿಲ್ಲ ಅಂತ ಹೇಳ್ತೀನಿ ಕೇಳಿ" ಎಂದು ಇಂಗ್ಲಿಷಿನಲ್ಲಿ ಶುರುಮಾಡಿ, ಉಪ್ಪು ಎಷ್ಟು ಡಿಗ್ರಿಯವರೆಗೆ ಕೆಲಸ ಮಾಡುತ್ತದೆ, ಆಮೇಲೆ ಮರಳು ಯಾಕೆ ಹಾಕಬೇಕು, ಇಳಿಜಾರಿನ ಗಣಿತವೇನು ಎಂದು ಮುಕ್ಕಾಲು ಗಂಟೆ ವಿವರಿಸುತ್ತಿದ್ದರು. ದಿನಕ್ಕೆ ಹತ್ತಿದ್ದ ಫೋನು ಆರಾಯಿತು, ಎರಡಾಯಿತು. ಒಂದು ಕಂಪನಿಯ ಮ್ಯಾನೇಜರು ತಾನೇ ಫೋನು ಮಾಡಿ, ನಿಮ್ಮ ನಂಬರನ್ನು ನಮ್ಮ ಪಟ್ಟಿಯಿಂದ ತೆಗೆದಿದ್ದೇವೆ, ದಯವಿಟ್ಟು ನೀವು ನಮಗೆ ವಾಪಸು ಫೋನು ಮಾಡಬೇಡಿ ಎಂದು ಬೇಡಿಕೊಂಡ.

ಮಾರ್ಚಿನ ಮೊದಲ ಶನಿವಾರ ಮಧ್ಯಾಹ್ನ. ಹಿಂದಿನ ದಿನದ ಮಳೆ ಹೆಪ್ಪುಗಟ್ಟಿ ಊರೆಲ್ಲ ಗಾಜಿನ ಲೇಪ ಹಚ್ಚಿದಂತಿತ್ತು. ಅದರ ಮೇಲೆ ಮತ್ತೆ ತೆಳ್ಳಗೆ ಹಿಮ. ನಿಜಗುಣ ಈಶ್ವರಪ್ಪನವರ ಸೋಫಾದಲ್ಲಿ ಅರೆನಿದ್ದೆಯಲ್ಲಿದ್ದ. ಫೋನು ಬಂತು. ಈಶ್ವರಪ್ಪ ಅದನ್ನು ಸ್ಪೀಕರಿಗೆ ಹಾಕಿ, ಕಾಲು ಮೇಲೆ ಕಾಲು ಹಾಕಿ, ಉಪ್ಪಿನಿಂದ ಶುರುಮಾಡಿದರು. ಆ ಕಡೆ ಮೆಲಿಸಾ. ಫೋನಿಡಲಿಲ್ಲ. ಹತ್ತು ನಿಮಿಷ ಸುಮ್ಮನೆ ಕೇಳಿ ಆಮೇಲೆ, "ಸರ್, ಮಳೆ ಬಿದ್ದು ಗಟ್ಟಿಯಾದರೆ ಏನು ಮಾಡಬೇಕು?" ಎಂದಳು. ಮೊದಲಿನ ಜೇನಿನಂಥ ದನಿ ಅಲ್ಲ. ಮೂಗು ಕಟ್ಟಿದ, ಎಳೆಯ ದನಿ.

"ಯಾಕೆ ಕೇಳ್ತೀರಿ?"

"ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಬಿದ್ದೆ ಸರ್. ಸ್ಕಾರ್‌ಬರೋದಲ್ಲಿ, ಪರೋಟ ಅಂಗಡಿಯ ಎದುರಿಗೆ. ಇದು ನನ್ನ ಮೊದಲ ಚಳಿಗಾಲ. ಮೊಣಕೈ ಊದಿದೆ. ಏಳಕ್ಕೆ ಶಿಫ್ಟು ಮುಗಿದ ಮೇಲೆ ಮತ್ತೆ ಅಲ್ಲೇ ಇಳಿಯಬೇಕು."

ಈಶ್ವರಪ್ಪ ಕಾಲು ಕೆಳಗಿಟ್ಟರು. ಮೊಣಕೈಗೆ ಏನು ಹಚ್ಚಬೇಕು, ಎಂಥ ಬೂಟು ಕೊಳ್ಳಬೇಕು, ಹೆಜ್ಜೆ ಹೇಗೆ ಚಪ್ಪಟೆಯಾಗಿ ಇಡಬೇಕು ಎಂದು ಹೇಳಿದರು. ಸ್ಟಾಪು ಯಾವ ಕಡೆಯದು, ಇಳಿಜಾರು ಎತ್ತ ಎಂದು ಕೇಳಿ ಬರೆದುಕೊಂಡರು. ಆಮೇಲೆ ಫೋನಿಟ್ಟು ನಿಜಗುಣನ ಭುಜ ಹಿಡಿದು ಅಲ್ಲಾಡಿಸಿದರು.

"ಏಳ್ರಿ ನಿಜಗುಣ ಸರ, ಗಾಡಿ ತಗೀರಿ. ಎರಡು ಚೀಲ ಉಪ್ಪು ಹಾಕ್ಕೊಂಡು ಹೋಗೂಣು."

"ಸ್ಕಾರ್‌ಬರೋಗಾ? ಎಪ್ಪತ್ತು ಕಿಲೋಮೀಟರ್ ಇದೆ!"

"ಅದಕ್ಕ ಲಗೂನ ಏಳ್ರಿ."

ಹೆದ್ದಾರಿಯಲ್ಲಿ ಎಲ್ಲ ಕಾರುಗಳೂ ಮೆಲ್ಲಗೆ, ಸದ್ದಿಲ್ಲದೆ, ಒಂದರ ಹಿಂದೊಂದು ತೇಲುತ್ತಿದ್ದವು. ಹಿಮ ಗಾಜಿಗೆ ಬಂದು ಮುಟ್ಟಿ ಕರಗುತ್ತಿತ್ತು. ನಿಜಗುಣ ಸ್ಟೀರಿಂಗ್ ಹಿಡಿದಿದ್ದ, ಪಕ್ಕದಲ್ಲಿ ಕೂತ ಈಶ್ವರಪ್ಪ ಹತ್ತು ನಿಮಿಷಕ್ಕೊಮ್ಮೆ, "ಎಚ್ಚರ ಅದೀರೇನ್ರಿ?" ಎಂದು ಕೇಳುತ್ತಿದ್ದರು. ಅದೀನಿ, ಎನ್ನುತ್ತಿದ್ದ. ನಿಜವಾಗಿಯೂ ಎಚ್ಚರವಿದ್ದ.

ಪರೋಟ ಅಂಗಡಿ ಸಿಕ್ಕಿತು. ಎದುರಿಗೆ ಸ್ಟಾಪು, ಅದರ ಕೆಳಗೆ ಹೊಳೆಯುವ ಮಂಜುಗಡ್ಡೆ. ಈಶ್ವರಪ್ಪ ಇಳಿಜಾರನ್ನು ಕಣ್ಣಲ್ಲೇ ಅಳೆದು ಮೂರು ಮುಷ್ಟಿ ಎಂದರು. ನಡುವಯಸ್ಸು ದಾಟಿದ ಇಬ್ಬರು ಗಂಡಸರು ಬಗ್ಗಿ ಕೆರೆದು, ಎಸೆದು, ಮತ್ತೆ ಕೆರೆದರು. ಬಸ್ಸಿಗೆ ಕಾದಿದ್ದವರು ದೂರ ಸರಿದು ನಿಂತರು. ಒಬ್ಬ ಇವರ ಫೋಟೊ ತೆಗೆದ. ಅಂಗಡಿಯವನು ಹೊರಗೆ ಬಂದು, ಏನು ನಡೆಯುತ್ತಿದೆಯೆಂದು ಹಿಂದಿಯಲ್ಲಿ ಕೇಳಿ, ಉತ್ತರ ಕೇಳಿ ಅರ್ಥವಾಗದೆ ಎರಡು ಲೋಟ ಚಹಾ ತಂದುಕೊಟ್ಟ.

ಏಳೂವರೆಗೆ ಒಂದು ಬಸ್ಸು ಬಂದು ನಿಂತಿತು. ಏಳೆಂಟು ಜನ ಇಳಿದರು. ಅವರಲ್ಲೊಬ್ಬ ಹುಡುಗಿ ತೆಳು ಬೂಟು ಹಾಕಿಕೊಂಡಿದ್ದಳು. ಒಂದು ಕೈಯನ್ನು ಇನ್ನೊಂದರಿಂದ ಹಿಡಿದುಕೊಂಡಿದ್ದಳು. ಕೆಳಗೆ ನೋಡಿ ಒಂದು ಘಳಿಗೆ ಅಂಜಿ ನಿಂತಳು. ಆಮೇಲೆ ಹೆಜ್ಜೆಯನ್ನು ಚಪ್ಪಟೆಯಾಗಿ ಇಟ್ಟಳು. ಉಪ್ಪು ಕರಕರ ಎಂದಿತು. ಇವರಿಬ್ಬರನ್ನು ನೋಡದೆಯೇ ದಾಟಿ ದೀಪಗಳ ಕಡೆ ಹೋದಳು.

"ಅವಳೇನಾ?" ಎಂದ ನಿಜಗುಣ ಮೆಲ್ಲಗೆ.

ಈಶ್ವರಪ್ಪ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅವಳು ಹೋದ ದಾರಿಯ ಇಳಿಜಾರನ್ನೇ ನೋಡುತ್ತಿದ್ದರು.

"ಯಾರರ ಆಗ್ಲಿರಿ," ಎಂದರು. "ಬೀಳ್ಲಿಲ್ಲ ನೋಡ್ರಿ."